ಲೈನ್ ಯಾವಾಗ ಬರ್ತದೆ?

ಜೂನ್ 11, ಬುಧವಾರ

ಮಗಳ ನಾಲ್ಕು ಲೈನಿನ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಅಕ್ಷರ ತಿದ್ದಲು ಕೊಡಿಸಿದ್ದು, ಅರ್ಧಕ್ಕೆ ಬಿಟ್ಟಿದ್ದಾಳೆ. ಕನ್ನಡ ಈ ಲೈನುಗಳ ಒಳಗೆ ಕೂರುವುದಿಲ್ಲ. ಒತ್ತಕ್ಷರವೆಲ್ಲ ಕೆಳಗಿನ ಲೈನಿಗೆ ಇಳಿಯುತ್ತದೆ, ಇಳಿಯಲಿ. ಯಾರಿಗೂ ತೋರಿಸುವುದಕ್ಕೆ ಬರೆಯುತ್ತಿಲ್ಲ. ಈಗೀಗ ಯಾರ ಹತ್ತಿರ ಬಾಯಿ ತೆರೆದರೂ ಜಗಳವಾಗುತ್ತದೆ, ಅದಕ್ಕೆ ಇದು.

ಇವರನ್ನು ಹುಬ್ಬಳ್ಳಿ ಆಸ್ಪತ್ರೆಯಿಂದ ಮೊನ್ನೆ ಮನೆಗೆ ಕರೆತಂದೆವು. ಬಲಗೈಯ ಎರಡು ಬೆರಳು ತೆಗೆದಿದ್ದಾರೆ. ಅಂಗೈ ಸುಟ್ಟಿದೆ, ಕಂಬದಿಂದ ಬಿದ್ದಿದ್ದಕ್ಕೆ ಪಕ್ಕೆಲುಬು ಬಿರುಕು ಬಿಟ್ಟಿದೆ. ಬದುಕಿದ್ದೇ ದೊಡ್ಡದು ಎಂದು ಬಂದವರೆಲ್ಲ ಹೇಳುತ್ತಾರೆ. ಹೌದು, ನನಗೂ ಗೊತ್ತು. ಆದರೆ ಚಹಾ ಕುಡಿಯುತ್ತ ಅದನ್ನೇ ಹೇಳಿದಾಗ ಲೋಟ ಕಸಿದುಕೊಳ್ಳಬೇಕು ಅನ್ನಿಸುತ್ತದೆ.

ನನಗೆ ಅರ್ಥವಾಗದ್ದು ಒಂದೇ. ಕಂಬ ಹತ್ತುವ ಮೊದಲು ಇವರು ಸಬ್‌ಸ್ಟೇಶನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡಿದ್ದರು. ಅಲ್ಲಿಯವರು ಸ್ವಿಚ್ ತೆಗೆದಿದ್ದಾರೆ. ಇವರು ಕೆಳಗಿಳಿದು ‘ಮುಗಿಯಿತು’ ಎನ್ನುವ ತನಕ ಹಾಕುವ ಹಾಗಿಲ್ಲ, ಹಾಕಿಯೂ ಇಲ್ಲ. ಎಲ್ಲವೂ ಸರಿ. ಸತ್ತ ತಂತಿಗೆ ಜೀವ ಎಲ್ಲಿಂದ ಬಂತು? ಬಂದದ್ದು ಬಂತು, ಈಗ ಕರೆಂಟು ಕಂಪನಿಯವರು ‘ಅವನದೇ ಅಜಾಗರೂಕತೆ’ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಒಂಬತ್ತಕ್ಕೆ ಶಿರಸಿಯಲ್ಲಿ ವಿಚಾರಣೆ. ಇವರು ಖಾಯಂ ಆಗಿ ಎರಡು ವರ್ಷವೂ ತುಂಬಿಲ್ಲ. ತಪ್ಪು ಇವರದೇ ಎಂದಾದರೆ ಮನೆಗೆ ಕಳಿಸಬಹುದು.

ಇಷ್ಟರಲ್ಲಿ ಮತ್ತೆ ಫೋನು.

ಜೂನ್ 14, ಶನಿವಾರ

ಇವರ ಫೋನ್ ನಾನೇ ಎತ್ತುತ್ತಿದ್ದೇನೆ. ಎಡಗೈಯಲ್ಲಿ ಹಿಡಿಯಬಹುದು, ಆದರೆ ಹಿಡಿಯುವುದಿಲ್ಲ. ಗೋಡೆ ನೋಡುತ್ತ ಮಲಗಿರುತ್ತಾರೆ. ಕಂಪನಿಗೆ ದೂರು ಕೊಡುವ ನಂಬರು ಬೇರೆ ಇದೆ, ಯಾರೂ ಅದಕ್ಕೆ ಮಾಡುವುದಿಲ್ಲ. ಲೈನ್‌ಮನ್ ಸತ್ತರೂ ಸರಿ, ಅವನ ನಂಬರಿಗೇ ಮಾಡಬೇಕು.

“ತಂಗೀ, ಲೈನ್ ಹೋಯ್ದು. ದರ್ಶನ ಇದ್ನ?”

“ಇದ್ದಾರೆ, ಕೈ ಸುಟ್ಟಿದೆ. ಗೊತ್ತಿಲ್ವಾ?”

“ಅಯ್ಯೋ ಗೊತ್ತಿದ್ದು, ಪಾಪ. ಲೈನ್ ಯಾವಾಗ ಬತ್ತು?”

ಲೈನ್ ಅನ್ನುವ ಶಬ್ದ ಕೇಳಿದರೆ ಮೈ ಉರಿಯುತ್ತದೆ. ಇಲ್ಲಿ ಕರೆಂಟೂ ಲೈನು, ತಂತಿಯೂ ಲೈನು, ಕಂಬ ಹತ್ತುವವನೂ ಲೈನು. ‘ನಿಮ್ಮನೆ ಲೈನು ಎದ್ದು ಓಡಾಡ್ತದಾ?’ ಎಂದು ಹುಲೇಕಲ್ ಕಡೆಯ ಒಬ್ಬರು ಇವರ ಬಗ್ಗೆಯೇ ವಿಚಾರಿಸಿದರು. ರೇಶನ್ ತರಲು ಹೋದರೆ ಅಲ್ಲಿಯೂ ಅದೇ. “ಆನ್‌ಲೈನ್ ಆಗ್ತಾ ಇಲ್ಲ ಅಕ್ಕ. ಲೈನ್ ಬಂದ ಮೇಲೆ ಬಂದು ಲೈನಲ್ಲಿ ನಿಲ್ಲಿ” ಎಂದ ಅಂಗಡಿಯವ. ಒಂದೇ ಉಸಿರಿಗೆ ಮೂರು ಲೈನು ಹೇಳಿ, ನಗಲೂ ಇಲ್ಲ ಅವನು. ಬರುವಾಗ ರಿಕ್ಷಾದ ಸೋಮ, ಶಿರಸಿಗೆ ರೈಲ್ವೆ ಲೈನ್ ಬರುವುದು ಈ ಸಲ ಗ್ಯಾರಂಟಿ ಎಂದು ದಾರಿಯುದ್ದಕ್ಕೂ ಹೇಳಿದ. ನಾನು ಸಣ್ಣವಳಿದ್ದಾಗ ಇವನ ಅಪ್ಪನೂ ಅದನ್ನೇ ಹೇಳುತ್ತಿದ್ದ.

ನಾನು ಸಿದ್ದಾಪುರದಲ್ಲಿ ಬಿ.ಎ. ಓದುವಾಗ ಹಾಸ್ಟೆಲ್ಲಿನ ಹಿಂದೆ ತಂತಿ ಎಳೆಯಲು ಗ್ಯಾಂಗ್ ಬಂದಿತ್ತು. ಅದರಲ್ಲಿ ಇವರಿದ್ದರು. ಎಳೆದು ಮುಗಿದ ಮೇಲೂ ಎಂತದೋ ನೆವ ಹೇಳಿ ಬರುತ್ತಿದ್ದರು. ‘ಚೇತನಾಗೆ ಲೈನ್ ಹೊಡೆಯೋಕೆ ಕಂಪನಿಯವ್ರೇ ಸಂಬಳ ಕೊಟ್ಟು ಕಳಿಸ್ತಾರೆ’ ಎಂದು ಹುಡುಗಿಯರು ನಗುತ್ತಿದ್ದರು. ಆಗ ಈ ಶಬ್ದ ಕೇಳಿದರೆ ಮುಖ ಬಿಸಿಯಾಗುತ್ತಿತ್ತು.

ಜೂನ್ 17, ಮಂಗಳವಾರ

ಉದಯ ಬಂದಿದ್ದ. ಇವರ ಜಾಗಕ್ಕೆ ಹಾಕಿದ ಹೊಸ ಲೈನ್‌ಮನ್. ಇವರ ಎದುರು ಕೂತು ಹವಾಮಾನದ ಮಾತಾಡಿದ. ನಾನು ಅಂಗಳಕ್ಕೆ ಕರೆದು ನೇರವಾಗಿ ಕೇಳಿದೆ. ಅವನು ಆಚೀಚೆ ನೋಡಿ ಹೇಳಿದ.

“ಜನರೇಟರ್ ಅಕ್ಕ. ಮತ್ತೆಂತ ಇರ್ತದೆ? ಎರಡೂ ತುದಿಗೆ ಪಿನ್ ಇರೋ ವೈರ್ ಮಾಡ್ಕಂತಾರೆ. ಒಂದು ತುದಿ ಜನರೇಟರಿಗೆ, ಇನ್ನೊಂದು ಮನೆ ಪ್ಲಗ್ಗಿಗೆ. ಮೇನ್ ಸ್ವಿಚ್ ಕೆಳಗೆ ಮಾಡಿದ್ರೆ ತೊಂದ್ರೆ ಇಲ್ಲ, ಮನೆ ಒಳಗೇ ಇರ್ತದೆ. ಮಾಡ್ದೇ ಹೋದ್ರೆ ಹಿಂದಿಂದ ಕಂಬಕ್ಕೆ ಬರ್ತದೆ.”

“ಯಾರ ಮನೇದು?”

“ಅದು ಯಾರಿಗೂ ಗೊತ್ತಿಲ್ಲ.”

“ಅವತ್ತು ಮರ ಬಿದ್ದಾಗ ಕಂಬದ ಬುಡದಲ್ಲಿ ಟೊಂಗೆ ಎಳೀತಾ ಊರವ್ರೆಲ್ಲ ಇದ್ರಲ್ಲ? ಜನರೇಟರ್ ಸದ್ದು ಯಾರ ಕಿವಿಗೂ ಬೀಳಲಿಲ್ವಾ?”

“ಮರ ಕೊಯ್ಯೋ ಮಶೀನ್ ಸದ್ದಲ್ಲಿ ಎಂತ ಕೇಳ್ತದೆ ಅಕ್ಕ. ಕಂಪನಿಯವ್ರು ಹೇಳೂದು ಬೇರೆ. ತಂತಿ ಮುಟ್ಟೂಕಿಂತ ಮೊದ್ಲು ಅದನ್ನ ಭೂಮಿಗೆ ಕಟ್ಟಿ ಅರ್ತ್ ಮಾಡ್ಬೇಕಿತ್ತು, ಆಗ ಹಿಂದಿಂದ ಬಂದದ್ದು ನೆಲಕ್ಕೆ ಹೋಗ್ತಿತ್ತು, ದರ್ಶನಣ್ಣ ಮಾಡ್ಲಿಲ್ಲ ಅಂತ.”

ಮಾಡಲಿಲ್ಲ, ಒಪ್ಪಿದೆ. ಮೂವತ್ತು ಮನೆಯವರು ಲೈನ್ ಯಾವಾಗ ಬರ್ತದೆ ಎಂದು ಕೆಳಗಿನಿಂದ ಕೂಗುತ್ತಿದ್ದರೆ ಯಾರು ಎಲ್ಲವನ್ನೂ ಮಾಡುತ್ತಾರೆ? ನಾನು ಹುಡುಕುತ್ತೇನೆ. ಯಾರ ಮನೆಯ ಜನರೇಟರೋ ಅವರನ್ನು ಶಿರಸಿ ಆಫೀಸಿನಲ್ಲಿ ಎಲ್ಲರೆದುರು ನಿಲ್ಲಿಸುತ್ತೇನೆ. ಅವರ ಮನೆಯ ದೀಪ ಆರಲಿ. ಬರೆದದ್ದನ್ನು ಹೊಡೆದು ಹಾಕುವುದಿಲ್ಲ.

ಜೂನ್ 20, ಶುಕ್ರವಾರ

ಫೋನ್ ಮಾಡಿದವರನ್ನೆಲ್ಲ ನಾನೇ ವಿಚಾರಿಸುತ್ತಿದ್ದೇನೆ. “ಲೈನ್ ಇಲ್ಲದಾಗ ಜನರೇಟರ್ ಇದ್ಯಾ ನಿಮ್ಮಲ್ಲಿ?” ಎಂದು ಕಕ್ಕುಲಾತಿಯಿಂದ ಕೇಳುವುದು. ಇದ್ದವರೂ ಇಲ್ಲ ಎನ್ನುತ್ತಾರೆ. ಒಬ್ಬರು ಇನ್ವರ್ಟರ್ ಎಂದರು. ಇನ್ನೊಬ್ಬರು ಫೋನ್ ಇಟ್ಟೇ ಬಿಟ್ಟರು. ಈ ಊರಿಗೆ ಮಾತು ಬರುವುದು ಕರೆಂಟು ಬೇಕಾದಾಗ ಮಾತ್ರ.

ಫೋನ್ ಎತ್ತೀ ಎತ್ತೀ ಯಾವ ಟ್ರಾನ್ಸ್‌ಫಾರ್ಮರಿಗೆ ಯಾವ ಮನೆ ಎಂದು ಬಾಯಿಪಾಠವಾಗಿಬಿಟ್ಟಿದೆ. ಮಧ್ಯಾಹ್ನ ಹೆಗಡೆಕಟ್ಟಾ ಕಡೆಯಿಂದ ಫೋನ್ ಬಂದಾಗ “ನಿಮಗೊಬ್ಬರಿಗೇ ಹೋಗಿದ್ದಾ, ಪಕ್ಕದ ಮನೆಗೂ ಇಲ್ವಾ? ಪಕ್ಕದ ಮನೆಗೆ ಇದ್ರೆ ನಿಮ್ಮ ಕಟೌಟಿನ ಫ್ಯೂಸ್ ನೋಡಿ” ಎಂದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

“ಎಂತದೇ ಇದು, ನಿಂಗೂ ಕಂಪನಿಯವ್ರು ಕೆಲ್ಸ ಕೊಟ್ರನೇ?” ಎಂದರು.

ಸಿಡುಕಿದೆ. ಹಾಲು ಉಕ್ಕಿ ಒಲೆ ತುಂಬ ಆಯಿತು.

ಇಷ್ಟು ಜನರಲ್ಲಿ ಇವರ ಕೈ ಹೇಗಿದೆ ಎಂದು ಕೇಳಲೆಂದೇ ಫೋನ್ ಮಾಡುವವರು ಶಾಂಭವಕ್ಕ ಒಬ್ಬರೇ. ಸಿದ್ದಾಪುರ ರಸ್ತೆಯ ತಿರುವಿನಲ್ಲಿ ಅವರ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಬನವಾಸಿ ಕಡೆಯಿಂದ ಬಂದವರು. “ಅಕ್ಕಾರ, ಅಣ್ಣಾರ ಕೈ ಹೆಂಗೈತ್ರಿ? ಊಟ ಮಾಡ್ತಾರೇನ್ರಿ?” ಎಂದು ದಿನಾ ಕೇಳುತ್ತಾರೆ. ಲೈನಿನ ಸುದ್ದಿ ತೆಗೆಯುವುದೇ ಇಲ್ಲ. ನಿನ್ನೆ ರೊಟ್ಟಿ, ಶೇಂಗಾಚಟ್ನಿ ಕಳಿಸಿದ್ದರು. ಊರಿನಲ್ಲಿ ಮನುಷ್ಯರು ಅಂತ ಒಬ್ಬರಾದರೂ ಇದ್ದಾರೆ.

ಜೂನ್ 21

ನಿದ್ದೆ ಇಲ್ಲ. ಬಟ್ಟೆ ಒಗೆದದ್ದನ್ನೇ ಮತ್ತೆ ಒಗೆದೆ.

ಜೂನ್ 25, ಬುಧವಾರ

ದೊಡ್ಡ ಜಗಳ. ನನ್ನ ಹುಡುಕಾಟ ಇವರ ಕಿವಿಗೆ ಬಿದ್ದಿದೆ. ಇಷ್ಟು ದಿನ ಹೂಂ, ಉಹೂಂ ಬಿಟ್ಟು ಮಾತಾಡದವರು ಎದ್ದು ಕೂತರು.

“ಬಿಡು ಅದ್ನ. ಆದದ್ದು ಆತು.”

“ಆದದ್ದು ನಿಮ್ಮ ಕೈ! ಹೋಗೋದು ನಿಮ್ಮ ನೌಕರಿ!”

“ಅರ್ತ್ ಮಾಡದೇ ಮುಟ್ಟಿದ್ದು ನಾನೇ ಅಲ್ದಾ?”

“ಹಾಗಂತ ಅಲ್ಲಿಯೂ ಹೇಳ್ತೀರಾ?”

ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಮಗಳು ಹೆದರಿ ಅತ್ತೆಯ ಸೀರೆ ಹಿಡಿದುಕೊಂಡಳು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, “ಎರಡು ದಿನ ಸುಮ್ನಿರೇ, ಅವ್ನೇ ಲೈನಿಗೆ ಬರ್ತಾನೆ” ಎಂದರು. ಅಂದರೆ ದಾರಿಗೆ ಬರುತ್ತಾನೆ ಎಂದು. ನನಗೆ ಬೇಡ, ಇನ್ನು ಯಾವ ಲೈನಿಗೂ ಬರುವುದು ಬೇಡ ಎಂದೆ. ಹೇಳಿ ಹಿತ್ತಲಲ್ಲೇ ಕೂತು ಅತ್ತುಬಿಟ್ಟೆ.

ಯಲ್ಲಾಪುರದ ಸ್ಟೋರಿನಲ್ಲಿ ಸಾಮಾನು ಕೊಡುವ ಕೆಲಸ ಖಾಲಿ ಇದೆಯಂತೆ. ವಿಚಾರಣೆಯಲ್ಲಿ ತಪ್ಪಿಲ್ಲ ಎಂದಾದರೆ ಅಲ್ಲಿಗೆ ಹಾಕಬಹುದು ಎಂದು ಉದಯ ಹೇಳಿದ. ಕಂಬ ಇಲ್ಲ, ತಂತಿ ಇಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುವುದು. ನನಗೆ ಬೇಕಾದದ್ದು ಅದೊಂದೇ. ಅದಕ್ಕೆ ಆ ಜನರೇಟರ್ ಸಿಗಬೇಕು.

ಜೂನ್ 28, ಶನಿವಾರ

ಸಿಕ್ಕಿತು.

ರೊಟ್ಟಿಯ ಡಬ್ಬಿ ವಾಪಸು ಕೊಡಲು ಶಾಂಭವಕ್ಕನ ಅಂಗಡಿಗೆ ಹೋಗಿದ್ದೆ. “ಬರ್ರಿ, ಒಳಗ ಬರ್ರಿ, ಕುಂದರ್ರಿ” ಎಂದು ಕೈ ಹಿಡಿದು ಕೂರಿಸಿದರು. ಒಳಗೆ ಅವರ ಗಂಡ ರವೀಂದ್ರಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಚಿರೆಕಲ್ಲು ಕೊಯ್ಯುವ ಮಶೀನಿನಲ್ಲಿ ಎಷ್ಟೋ ವರ್ಷ ದುಡಿದು ಧೂಳು ಕುಡಿದ ಪುಪ್ಪುಸ. ಕಾಯಿಲೆ ಗೊತ್ತಿತ್ತು, ಇಷ್ಟು ಗೊತ್ತಿರಲಿಲ್ಲ. ಮೂಗಿಗೆ ನಳಿಗೆ, ಪಕ್ಕದಲ್ಲಿ ಸಣ್ಣ ಫ್ರಿಜ್ಜಿನಷ್ಟು ಎತ್ತರದ ಆಕ್ಸಿಜನ್ ಮಶೀನು ಗುಂಯ್ ಎನ್ನುತ್ತಿತ್ತು. ಮಾತಾಡಲು ಹೋಗಿ ಕೆಮ್ಮಿದರು, ಕೈ ಮುಗಿದರು.

ಮಶೀನು ಕರೆಂಟಿನ ಮೇಲೆ ನಡೆಯುವುದು. ಕರೆಂಟು ಹೋದರೆ? ಕೇಳಬೇಕಾಗಲಿಲ್ಲ. ಹಿಂಬಾಗಿಲ ಹತ್ತಿರ ಜನರೇಟರಿಗೆ ಗೋಣಿ ಹೊದಿಸಿ ಇಟ್ಟಿದ್ದರು. ಮೊಳೆಗೆ ಸುತ್ತಿ ಹಾಕಿದ್ದ ವೈರಿನ ಎರಡೂ ತುದಿಗೆ ಪಿನ್ ಇತ್ತು.

ಶಾಂಭವಕ್ಕ ನಾನು ನೋಡುವುದನ್ನು ನೋಡಿದರು. ಕೊಟ್ಟ ಚಹಾ ಕುಡಿದು ಬಂದೆ. ಯಾಕೆ ಕುಡಿದೆನೋ.

ಜೂನ್ 29, ಭಾನುವಾರ

ಇವರಿಗೆ ಗೊತ್ತಿತ್ತು! ಮೊದಲ ದಿನದಿಂದ ಗೊತ್ತಿತ್ತು!

“ಅಂಗಡಿಮನೆಯ ಜನರೇಟರ್” ಎಂದೆ, ಅಷ್ಟೇ. ಇವರು ಕಣ್ಣು ಮುಚ್ಚಿ “ಹೂಂ” ಎಂದರು. ಆಮೇಲೆ ನಿಧಾನಕ್ಕೆ ಹೇಳಿದರು. ಆ ಕಡೆಯ ಲೈನ್ ತೆಗೆಯುವ ಮೊದಲು ಇವರು ಯಾವಾಗಲೂ ಅವರ ಮನೆಗೆ ಒಂದು ಫೋನ್ ಮಾಡುತ್ತಾರಂತೆ. ಲೈನ್ ತೆಗೀತಿದ್ದೇವೆ, ಜನರೇಟರ್ ಹಚ್ಚಿಕೊಳ್ಳಿ ಎಂದು. ಕಂಪನಿಯ ಯಾವ ನಿಯಮದಲ್ಲೂ ಇಲ್ಲ. ಮಶೀನು ಒಮ್ಮೆಲೇ ನಿಂತರೆ ಆ ಮನುಷ್ಯ ಒದ್ದಾಡುತ್ತಾನೆ ಎಂದು ಇವರೇ ಶುರು ಮಾಡಿದ್ದು. ಮೇನ್ ಸ್ವಿಚ್ ಇಳಿಸುವುದು ರವೀಂದ್ರಣ್ಣನ ಕೆಲಸ. ಅವತ್ತು ಅವರಿಗೆ ಏಳಲಾಗಲಿಲ್ಲ. ಹೆಂಡತಿ ಗಾಬರಿಯಲ್ಲಿ ಜನರೇಟರ್ ಹಚ್ಚಿದ್ದಾಳೆ, ಮೇನ್ ಮರೆತಿದ್ದಾಳೆ.

“ಹಚ್ಚಿ ಅಂತ ಹೇಳಿದವ ನಾನು. ಈಗ ಅವ್ರದ್ದು ತಪ್ಪು ಅಂತ ಹೇಂಗೆ ಹೇಳೂದು? ಹೇಳಿದ್ರೆ ಪೋಲೀಸ್ ಕೇಸ್ ಆಗ್ತದೆ. ಜನರೇಟರ್ ತಗಂಡ್ ಹೋಗ್ತಾರೆ. ಆಮೇಲೆ ಲೈನ್ ಹೋದ್ರೆ ಅವ ಎಂತ ಮಾಡ್ತಾನೆ?”

“ನಮ್ಮದು? ನಾವೆಂತ ಮಾಡೂದು?”

ನನಗೆ ಇವರ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ದೇವರಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಬಹಳ ಕಷ್ಟ. ಇವರು ಹೇಳದಿದ್ದರೆ ನಾನು ಹೇಳುತ್ತೇನೆ. ಒಂಬತ್ತನೇ ತಾರೀಕು ನಾನೂ ಶಿರಸಿಗೆ ಹೋಗುತ್ತೇನೆ.

ಶಾಂಭವಕ್ಕನ ಫೋನ್ ನಿನ್ನೆಯೂ ಇಲ್ಲ, ಇವತ್ತೂ ಇಲ್ಲ.

ಜುಲೈ 4, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಗಾಳಿಗೆ ಸಿದ್ದಾಪುರ ರಸ್ತೆಯಲ್ಲಿ ಮರ ಬಿತ್ತು. ಹತ್ತೂವರೆಯ ಹೊತ್ತಿಗೆ ಉದಯ ಫೋನ್ ಮಾಡಿದ. “ಅಕ್ಕ, ಲೈನ್ ಕ್ಲಿಯರ್ ತಗಂಡಿದ್ದೆ, ಹತ್ತೂದೇ ಈಗ. ದರ್ಶನಣ್ಣನ ಹತ್ರ ಒಂದು ಮಾತು ಕೇಳ್ಬೇಕಿತ್ತು.” ಇವರು ಸ್ನಾನಕ್ಕೆ ಹೋಗಿದ್ದರು. ಎಲ್ಲಿ ಹತ್ತುತ್ತಿದ್ದೀ ಎಂದೆ. ಅಂಗಡಿಯ ತಿರುವಿನ ಕಂಬ ಎಂದ.

ಅಂಗಡಿಮನೆಗೆ ಹೇಳಿದ್ದೀಯಾ ಎಂದರೆ, “ಯಾಕೆ?” ಎಂದ. ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು, ಇವರಿಗೆ ಗೊತ್ತು, ಅವನಿಗೆ ಯಾರೂ ಹೇಳಿಲ್ಲ!

“ಹತ್ತಬೇಡ. ನಾನು ಹೇಳುವ ತನಕ ಕಂಬ ಮುಟ್ಟಬೇಡ. ಅರ್ತ್ ಮಾಡದೇ ಮುಟ್ಟಿದರೆ ನಿನ್ನ ಕಾಲು ಮುರಿಯುತ್ತೇನೆ” ಎಂದು ಕೂಗಿ ಶಾಂಭವಕ್ಕನಿಗೆ ಫೋನ್ ಮಾಡಿದೆ. ಎತ್ತಿದರು. ಹಿಂದೆ ಜನರೇಟರ್ ಸದ್ದು.

“ಶಾಂಭವಕ್ಕ, ಮೇನ್ ಇಳಿಸಿದ್ದೀರಾ?”

“ಏನ್ರಿ? ಕೇಳವಲ್ದು.”

“ಮೇನ್ ಸ್ವಿಚ್! ಹೋಗಿ ನೋಡಿ. ಉದಯ ಕಂಬದ ಹತ್ರ ಇದ್ದಾನೆ.”

ಓಡಿದ್ದು ಕೇಳಿತು. ಏನೋ ಬಿದ್ದದ್ದು ಕೇಳಿತು. ತಿರುಗಿ ಬಂದರು, ಏದುಸಿರು. “ಇಳಿಸಿದ್ದೆ ಅಕ್ಕಾರ. ಇಳಿಸೇ ಹಚ್ಚೇನಿ. ಮತ್ತ ನೋಡಿ ಬಂದೆ, ಕೆಳಗೈತಿ. ಈಗ ದಿನಾ ನೋಡ್ತೇನ್ರಿ, ಲೈನ್ ಇದ್ದಾಗೂ ನೋಡ್ತೇನಿ.” ಆಮೇಲೆ ದನಿ ಒಡೆಯಿತು. “ಅವತ್ತ ಇಳಿಸಿದ್ದಿಲ್ರಿ. ನಮ್ಮ ಮನಿಯವರು ನೀಲಿಗಟ್ಟಿದ್ರು, ನನಗ ಕೈಕಾಲ ಆಡ್ಲಿಲ್ಲ. ನಿಮಗ ಹೇಳ್ಬೇಕಂತ ದಿನಾ ಫೋನ್ ಮಾಡ್ತಿದ್ದೆ, ಬಾಯಿಗೇ ಬರ್ತಿದ್ದಿಲ್ರಿ.”

ಇದನ್ನು ಕೇಳಲೆಂದೇ ನಾನು ಇಷ್ಟು ದಿನ ಊಟ ನಿದ್ದೆ ಬಿಟ್ಟಿದ್ದು. ಬೈಯಲು ಏನೇನೋ ಕೂಡಿಟ್ಟುಕೊಂಡಿದ್ದೆ. ಆದರೆ ಉದಯ ಕಾಯುತ್ತಿದ್ದ, ಮಧ್ಯೆ ಬೇರೆ ಬೇರೆ ಫೋನ್ ಬರುತ್ತಿತ್ತು. “ಪೆಟ್ರೋಲ್ ಸಾಕಷ್ಟು ಇದ್ಯಾ?” ಎಂದು ಕೇಳಿದೆ. ಐತ್ರಿ ಎಂದರು. ಉದಯನಿಗೆ ಹತ್ತಲು ಹೇಳಿದೆ. ಅವನು ಇಳಿಯುವ ತನಕ ಫೋನ್ ಹಿಡಿದು ಅಂಗಳದಲ್ಲಿ ಓಡಾಡಿದೆ. ಇವರು ಟವೆಲ್ಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಹೇಳುವುದು ಹೇಳುವುದೇ. ಈಗ ಅವರ ಬಾಯಿಂದಲೇ ಬಂದಿದೆ, ಅನುಮಾನಕ್ಕೆ ಜಾಗವಿಲ್ಲ.

ಜುಲೈ 7

ಇವತ್ತೂ ಆ ಕಡೆ ಲೈನ್ ತೆಗೆದರು. ಅಂಗಡಿಮನೆಗೆ ನಾನೇ ಫೋನ್ ಮಾಡಿದೆ. ಅವರ ಮಗಳು ಕಾವ್ಯಶ್ರೀ ಎತ್ತಿದಳು, ಎಸ್ಸೆಸ್ಸೆಲ್ಸಿ. ಅವಳಿಗೂ ಮೇನ್ ತೋರಿಸಿಕೊಟ್ಟಿರಿ ಎಂದು ಅವಳ ಅಮ್ಮನಿಗೆ ಹೇಳಿದೆ. ನಾಡಿದ್ದು ಹೇಳಬೇಕಾದ ಮಾತನ್ನು ಕನ್ನಡಿ ಮುಂದೆ ಹೇಳಿ ನೋಡಿದೆ. ಎರಡೇ ಲೈನು.

ಜುಲೈ 9, ಬುಧವಾರ. ಶಿರಸಿ, ಆಫೀಸಿನ ಕೆಳಗಿನ ಬೆಂಚು

ಪುಸ್ತಕ ಚೀಲದಲ್ಲಿತ್ತು, ಇಲ್ಲೇ ಬರೆಯುತ್ತಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಬೆಳಿಗ್ಗೆ ಇವರನ್ನು ಒಳಗೆ ಕರೆದರು. ಸಹಿ ಹಾಕಲು ಕಷ್ಟ ಎಂದು ನನ್ನನ್ನೂ ಬಿಟ್ಟರು. ಸಾಹೇಬರು ಒರಟರಲ್ಲ. ಇವರು ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟರು. ಅರ್ತ್ ಮಾಡಿರಲಿಲ್ಲ, ತಪ್ಪಾಯಿತು. ಕರೆಂಟು ಎಲ್ಲಿಂದ ಬಂತೋ ಗೊತ್ತಿಲ್ಲ. ಸಾಹೇಬರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಊರಿನವರೆಲ್ಲ ನಿಮಗೇ ಫೋನ್ ಮಾಡ್ತಾರಂತಲ್ಲಮ್ಮ. ಯಾರ ಮನೆ ಜನರೇಟರ್ ಅಂತ ನಿಮಗೇನಾದರೂ ಗೊತ್ತಾ?”

“ಇಲ್ಲ ಸರ್” ಎಂದೆ.

ಹಾಗೆ ಯಾಕೆ ಹೇಳಿದೆ ಎಂದು ನನ್ನನ್ನು ಕೇಳಿದರೆ ನಾನು ಏನು ಹೇಳಲಿ? ಕನ್ನಡಿ ಮುಂದೆ ಹೇಳಿದ್ದು ಇದಲ್ಲ. ಇವರು ನನ್ನ ಮುಖ ನೋಡಿದರು, ನಾನು ನೋಡಲಿಲ್ಲ. ಊಟದ ನಂತರ ನಿರ್ಧಾರ ಬರೆಯುತ್ತೇವೆ, ಕೆಳಗೆ ಕಾಯಿರಿ ಎಂದರು ಸಾಹೇಬರು. ಮೆಟ್ಟಿಲು ಇಳಿಯುವಾಗಲೇ ಗುಮಾಸ್ತರೊಬ್ಬರು, “ಸ್ವಂತ ಅಜಾಗರೂಕತೆ ಅಂತಲೇ ಆಗ್ತದೆ, ಬೇರೆ ದಾರಿ ಇಲ್ಲ” ಎಂದು ಮೆಲ್ಲಗೆ ಹೇಳಿದರು. ಇವರು ಮಾತ್ರೆ ನುಂಗಬೇಕು, ಏನಾದರೂ ತಿಂದು ಬರುತ್ತೇನೆ ಎಂದು ಹೋಟೆಲ್ಲಿಗೆ ಹೋದರು. ನನಗೆ ಬೇಡ ಎಂದೆ.

ಅಷ್ಟರಲ್ಲಿ ಗೇಟಿನಲ್ಲಿ ಶಾಂಭವಕ್ಕ. ಕಾಲಿಗೆಲ್ಲ ಕೆಸರು, ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು.

“ಮುಗೀತೇನ್ರಿ? ಬಸ್ಸು ತಡಾ ಆತ್ರಿ. ಯಾವ ಖೋಲ್ಯಾಗ ಹೇಳ್ಬೇಕ್ರಿ?”

“ಏನು ಹೇಳೋದು?”

“ನಮ್ಮನೀ ಜನರೇಟರ್ ಅಂತ. ಅಣ್ಣಾರ ಕೈ ಸುಟ್ಟಿದ್ದು ನನ್ನಿಂದ ಅಂತ.”

“ನಿಮಗೆ ಕೇಸ್ ಆಗ್ತದೆ ಶಾಂಭವಕ್ಕ.”

“ಆಗ್ಲಿ. ನಮ್ಮ ಮನಿಯವರೇ ಹೋಗು ಅಂದ್ರು. ಉಸುರು ಹಿಡ್ಕೊಂಡು ಎಷ್ಟ ದಿನ ಕುಂದರ್ಲಿ ಅಂದ್ರು.”

ಮಹಡಿ ಮೇಲೆ, ಎಡಗಡೆಯ ಎರಡನೆಯ ಕೋಣೆ ಎಂದು ನಾನೇ ತೋರಿಸಿದೆ. ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತತೊಡಗಿದರು. ಇವರ ನೌಕರಿ ಉಳಿಯಬೇಕು, ನನಗೆ ಬೇಕಾದದ್ದು ಇದೇ. ಆದರೂ ಅವರು ಅರ್ಧ ಮೆಟ್ಟಿಲು ಹತ್ತಿದ್ದಾಗ “ಬೇಡ, ಇಳಿದು ಬನ್ನಿ!” ಎಂದು ಕೂಗಿಬಿಟ್ಟೆ. ಜವಾನ ತಿರುಗಿ ನೋಡಿದ. ಅವರು ನೋಡಲಿಲ್ಲ.

ಇನ್ನೂ ಕೆಳಗೆ ಬಂದಿಲ್ಲ. ಇಷ್ಟು ಬರೆಯುವಾಗ ಉದಯನ ಫೋನ್ ಬಂತು. ಅಂಗಡಿಯ ತಿರುವಿನಲ್ಲೇ ಮತ್ತೆ ಲೈನ್ ತೆಗೆಯಬೇಕು, ಅಲ್ಲಿಗೆ ಹೇಳಿಬಿಡಿ ಎಂದ. ಅಂಗಡಿಮನೆಗೆ ಮಾಡಿದೆ. ಕಾವ್ಯಶ್ರೀ ಎತ್ತಿದಳು.

“ಮೇನ್ ಇಳಿಸು ಪುಟ್ಟಾ. ಮೊದಲು ಮೇನ್, ಆಮೇಲೆ ಜನರೇಟರ್.”

“ಇಳಿಸಿದೆ ಆಂಟಿ. ಅಪ್ಪಾಜಿಗೆ ಮಶೀನ್ ಚಾಲೂ ಆತು.” ಆಮೇಲೆ ಕೇಳಿದಳು. “ಆಂಟಿ, ಅವ್ವ ಮುಟ್ಟ್ಯಾಳೇನ್ರಿ ಅಲ್ಲಿಗೆ? ಒಬ್ಬಾಕೀನ ಹೋಗ್ಯಾಳ್ರಿ.”

“ಒಬ್ಬರೇ ಅಲ್ಲ. ನಾನಿದ್ದೇನೆ” ಎಂದೆ.

ಮೇಲೆ ಹೋಗುತ್ತಿದ್ದೇನೆ.